ಐದನೇ ಮಹಡಿಗೆ ಅರ್ಧ ಮಹಡಿ ಕೆಳಗೆ

ಇಲ್ಲಮ್ಮ, ಕರೆಂಟ್ ಹೋಗಿಲ್ಲ. ತಲೆ ಮೇಲೆ ದೀಪ ಉರೀತಿದೆ, ಫ್ಯಾನೂ ತಿರುಗ್ತಿದೆ. ಆದ್ರೂ ಲಿಫ್ಟ್ ನಿಂತಿದೆ. ಹಾಗಾದ್ರೆ ಏನಾಗಿರಬಹುದು, ನೀವೇ ಊಹಿಸಿ ನೋಡೋಣ... ಹಗ್ಗ ಕಡಿದಿದೆಯಾ? ಛೆ ಛೆ, ಬಿಡ್ತು ಅನ್ನಿ. ಮೇಲೆ ಒಂದಲ್ಲ, ಆರು ಉಕ್ಕಿನ ಹಗ್ಗ ಇವೆ. ಆರೂ ಕಡಿದ್ರೂ ಪಕ್ಕದ ಕಂಬಿಯನ್ನು ಕಚ್ಚಿ ಹಿಡಿಯೋ ಬ್ರೇಕ್ ಇದೆ. ನಾನೇನು ಬಾಯಿಗೆ ಬಂದದ್ದು ಹೇಳ್ತಿಲ್ಲ. ಇಂಜಿನಿಯರಿಂಗ್ ಓದಿ, ಸರ್ಕಾರಿ ಕೆಲಸ ಹಿಡಿದು, ರಿಟೈರ್ ಆಗೋವರೆಗೂ ಲಿಫ್ಟ್ ಇನ್‌ಸ್ಪೆಕ್ಟರ್ ಆಗಿದ್ದವನು. ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿಯೂ ಎಲ್ಲಿಗೂ ತಲುಪದ ಮನುಷ್ಯ ಅಂತ ನನ್ನ ಹೆಂಡತಿ ಆಡ್ಕೋತಾಳೆ.

ನಗು ಬಂತಾ? ಬರಲಿ, ನಗಿ.

ಗಂಟೆನಾ... ಒತ್ತಿದೆನಲ್ಲಮ್ಮ. ಅದು ಇಲ್ಲಿ ಕೇಳಿಸಲ್ಲ, ಕೆಳಗೆ ಕಾವಲುಗಾರನ ಕೋಣೇಲಿ ಹೊಡೆಯುತ್ತೆ. ಅವನು ಟೀಗೆ ಹೋಗಿರ್ತಾನೆ, ಬರ್ತಾನೆ. ನೀವು ಈಚೆ ಬರೋದು ಬೇಡ, ಆ ಮೂಲೇಲೇ ಒರಗಿ ನಿಂತ್ಕೊಳ್ಳಿ. ಗುಂಡಿಗಳ ಹತ್ತಿರ ನಾನಿದ್ದೀನಿ. ಮೊಬೈಲು? ಈ ಉಕ್ಕಿನ ಡಬ್ಬಿಯೊಳಗೆ ಸಿಗ್ನಲ್ ಎಲ್ಲಿಂದ ಬರಬೇಕು. ಸುಮ್ಮನೆ ಅದರ ಬ್ಯಾಟರಿ ಖಾಲಿ ಮಾಡಬೇಡಿ, ಒಳಗಿಡಿ.

ನೀವು ಆರನೇ ಮಹಡಿ ಒತ್ತಿದ್ರಿ, ನಾನು ನೋಡಿದೆ. ಅಂದ್ರೆ ಆಪರೇಷನ್ ಆದವರ ವಾರ್ಡು. ಯಾರು, ಯಜಮಾನರಾ?... ಏನಾಗಿತ್ತು?... ಹೊಟ್ಟೆನಾ. ಹೊಟ್ಟೆ ಕ್ಯಾನ್ಸರ್. ನಿನ್ನೆ ತೆಗೆದ್ರಾ? ಪೂರ್ತಿ?

ಅಮ್ಮಾ, ನೀವು ನಂಬಲ್ಲ. ಇಷ್ಟು ದೊಡ್ಡ ಆಸ್ಪತ್ರೇಲಿ, ಇಷ್ಟು ಜನರ ಮಧ್ಯೆ, ನೀವು ನನ್ನ ಜೊತೆಗೇ ಸಿಕ್ಕಿಹಾಕ್ಕೋಬೇಕಾ. ನನ್ನನ್ನೊಮ್ಮೆ ನೋಡಿ. ಚೆನ್ನಾಗಿ ನೋಡಿ. ನಿಮ್ಮೆದುರು ನಿಂತಿರೋ ಈ ಮನುಷ್ಯನಿಗೆ ಹೊಟ್ಟೆಯೇ ಇಲ್ಲ. ಪೂರ್ತಿ ತೆಗೆದು ಐದು ವರ್ಷ ಆಯ್ತು. ಅನ್ನನಾಳವನ್ನು ನೇರ ಕರುಳಿಗೆ ಹೊಲಿದಿದ್ದಾರೆ, ನಡುವೆ ಸ್ಟೇಷನ್ನೇ ಇಲ್ಲ. ಆದ್ರೂ ಪಕ್ಕದ ಮನೆಯವರು ಹೊಸ ಕಾರು ತಂದ ದಿನ ನಾನೇನೋ ಕೊಂಕು ಆಡಿದೆ, ಅದಕ್ಕೆ ನನ್ನ ಹೆಂಡತಿ, "ಹೊಟ್ಟೆ ಹೋದ್ರೂ ನಿಮ್ಮ ಹೊಟ್ಟೆಕಿಚ್ಚು ಹೋಗಲಿಲ್ಲವಲ್ಲರೀ" ಅಂದಳು.

ಅಳಬೇಡಿ. ಅಯ್ಯೋ, ನಗಿಸೋಕೆ ಹೋದ್ರೆ ಅಳ್ತೀರಲ್ಲ. ಡಾಕ್ಟ್ರು ಏನಂದ್ರು, ಅದನ್ನ ಹೇಳಿ... ಹತ್ತು ಜನರಲ್ಲಿ ನಾಲ್ಕು ಜನ. ಐದು ವರ್ಷ ದಾಟೋರು ನಾಲ್ಕು ಜನ ಅಂತ. ಹೂಂ. ನನಗೂ ಅದನ್ನೇ ಅಂದಿದ್ರು. ಅವತ್ತು ಮನೆಗೆ ಬಂದು ಮೂರು ದಿನ ಗೋಡೆ ನೋಡ್ಕೊಂಡು ಮಲಗಿದ್ದೆ. ಅಡುಗೆಮನೇಲಿ ಪಾತ್ರೆ ಬಿದ್ದ ಸದ್ದಾದ್ರೆ ಸಾಕು, ಆ ಆರು ಜನರಲ್ಲಿ ನಾನೂ ಒಬ್ಬ ಅಂತಲೇ ಕೇಳಿಸೋದು.

ಆದ್ರೆ ಆ ಲೆಕ್ಕದಲ್ಲಿ ಒಂದು ಗುಟ್ಟಿದೆ. ನನ್ನ ಡಾಕ್ಟ್ರೂ ಅದನ್ನ ಮೊದಲ ದಿನ ಹೇಳಲಿಲ್ಲ, ಎರಡನೇ ವರ್ಷ ಬಾಯಿಬಿಟ್ರು. ನಾನದನ್ನ ನನ್ನ ಭಾಷೇಲಿ ಹೇಳ್ತೀನಿ, ಕೇಳಿ. ಒಂದು ಲಿಫ್ಟಿಗೆ ಕೆಳಗೆ ಹತ್ತು ಜನ ಹತ್ತಿದ್ರು ಅಂತಿಟ್ಕೊಳ್ಳಿ. ಒಂದು ಮಹಡಿ ಅಂದ್ರೆ ಒಂದು ವರ್ಷ. ಐದನೇ ಮಹಡಿ ಮುಟ್ಟೋರು ನಾಲ್ಕೇ ಜನ. ಸರಿನಾ? ಮೊದಲ ಮಹಡೀಲಿ ಇಬ್ಬರು ಹೋಗಿಬಿಡ್ತಾರೆ. ಉಳಿದೋರು ಎಂಟು. ಈಗ ಒಳಗೆ ನಿಂತಿರೋನು ಕೇಳಬೇಕಾದದ್ದು ಹತ್ತರಲ್ಲಿ ನಾಲ್ಕು ಅಂತಲ್ಲ, ಎಂಟರಲ್ಲಿ ನಾಲ್ಕು. ಅರ್ಧಕ್ಕರ್ಧ. ಮೂರನೇ ಮಹಡಿ ಹೊತ್ತಿಗೆ ಐದೇ ಜನ ಇರ್ತಾರೆ. ಐದರಲ್ಲಿ ನಾಲ್ಕು! ಅದೇ ಕಾಯಿಲೆ, ಅದೇ ಮನುಷ್ಯ, ಅದೇ ಗಾಯದ ಗುರುತು. ಆದ್ರೆ ಬದುಕಿದ ಪ್ರತಿ ವರ್ಷವೂ ಲೆಕ್ಕವನ್ನ ತಿದ್ದಿ ಬರೆಯುತ್ತೆ. ಕೆಳಗೆ ನಿಂತು ಕೇಳಿದ ಸಂಖ್ಯೆಯನ್ನ ಜನ ಹಣೇಲಿ ಬರೆದದ್ದು ಅನ್ನೋ ಹಾಗೆ ಮೇಲಿನವರೆಗೂ ಹೊತ್ಕೊಂಡು ಹೋಗ್ತಾರೆ ನೋಡಿ, ಅದು ದಡ್ಡತನ. ನಿಮ್ಮ ಯಜಮಾನರ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಅದನ್ನ ಅವರ ಡಾಕ್ಟ್ರನ್ನೇ ಕೇಳಿ. ಆದ್ರೆ ಮುಂದಿನ ವರ್ಷ ಮತ್ತೆ ಕೇಳೋದನ್ನ ಮರೀಬೇಡಿ.

ಕಣ್ಣೊರೆಸ್ಕೊಂಡ್ರಾ. ಒಳ್ಳೇದಾಯ್ತು. ಒಂದು ಬಿಸ್ಕತ್ತು ತಗೊಳ್ಳಿ. ನನ್ನ ಜೇಬು ಯಾವಾಗಲೂ ದಿನಸಿ ಅಂಗಡಿ, ಎರಡು ಗಂಟೆಗೊಮ್ಮೆ ಚೂರು ಚೂರು ತಿಂತಾ ಇರಬೇಕು. ಗಬಗಬ ತಿಂದ್ರೆ ತಲೆ ಗಿರ್ರ್ ಅನ್ನುತ್ತೆ, ಬೆವರು ಕಿತ್ಕೊಂಡು ಬರುತ್ತೆ. ಅವರಿಗೂ ಹಾಗಾಗುತ್ತೆ, ಆಗ ಹೆದರಬೇಡಿ... ಎಡಗೈಲೇ ಕೊಟ್ಟೆ, ಬೇಜಾರು ಮಾಡ್ಕೋಬೇಡಿ. ಬಲಗೈಗೇನೂ ಆಗಿಲ್ಲ. ಸ್ವಲ್ಪ ಚಳಿ, ಮುಷ್ಟಿ ಹಿಡ್ಕೊಂಡಿದ್ದೀನಿ ಅಷ್ಟೆ.

ನಾನಾ? ನನ್ನದೆಲ್ಲ ಮುಗೀತಮ್ಮ. ಐದು ವರ್ಷ ಪೂರ್ತಿ. ಕೊನೇ ಸ್ಕ್ಯಾನು, ಕೊನೇ ಕ್ಯಾಮೆರಾ ಪರೀಕ್ಷೆ, ಎಲ್ಲ ಕ್ಲೀನು. "ಇನ್ನು ಈ ಕಡೆ ತಲೆ ಹಾಕಬೇಡಿ, ನಿಮ್ಮ ಮುಖ ನೋಡಿ ನೋಡಿ ನಮಗೇ ಸಾಕಾಯ್ತು" ಅಂದ್ರು ಡಾಕ್ಟ್ರು. ತಮಾಷೆ ಮನುಷ್ಯ. ನಾನೂ ಬಿಡಲಿಲ್ಲ, "ಹಾಗಾದ್ರೆ ನನ್ನ ಹೊಟ್ಟೆ ವಾಪಸ್ ಕೊಡಿ" ಅಂದೆ...

ಯಾವಾಗ ಅಂದ್ರೆ... ಈಗಲೇ. ಈಗ ತಾನೇ ಹೇಳಿದ್ರು.

ಹೌದು, ಕೆಳಗಿಂದ ನಿಮ್ಮ ಜೊತೆಗೇ ಹತ್ತಿದೆ. ಹೌದು, ಐದು ಒತ್ತಿದೆ. ಅವರ ಕೋಣೆ ಐದರಲ್ಲೇ ಇರೋದು. ಮರೆತಿದ್ದೆ ಒಂದು... ಛತ್ರಿ. ಛತ್ರಿ ಮರೆತು ಬಂದಿದ್ದೆ, ಅದಕ್ಕೇ ವಾಪಸ್ ಹೊರಟೆ. ಹೊರಗೆ ಬಿಸಿಲಿದ್ರೆ ಏನಂತೆ, ಬಿಸಿಲಿಗೂ ಛತ್ರಿ ಹಿಡೀತಾರೆ. ಪೊಲೀಸಿನವರ ಹಾಗೆ ಪ್ರಶ್ನೆ ಕೇಳ್ತೀರಲ್ಲಮ್ಮ.

ಏನಂದ್ರಿ?... ಎಚ್ಚರ ಆಗಿದೆಯಾ ಅವರಿಗೆ. ನಿಮ್ಮನ್ನೇ ಕೇಳ್ತಿದ್ದಾರೆ ಅಂತ ನರ್ಸ್ ಫೋನ್ ಮಾಡಿದ್ರಾ. ಅದಕ್ಕೇ ಓಡಿ ಬಂದ್ರಾ ಹಾಗೆ... ನಾನು ಗಮನಿಸಲೇ ಇಲ್ಲ. ಬಾಗಿಲು ಮುಚ್ಚೋ ಹೊತ್ತಿಗೆ ನುಗ್ಗಿ ಬಂದ್ರಿ. ನಾನೊಬ್ಬನೇ ಇರ್ತೀನಿ ಅಂದ್ಕೊಂಡಿದ್ದೆ.

ಹಾಗೆ ಯಾಕೆ ನೋಡ್ತೀರಿ?

ಮಾತಾಡಿ ಏನಾದ್ರೂ. ಇಷ್ಟು ಹೊತ್ತು ಚೆನ್ನಾಗೇ ಇದ್ರಲ್ಲ. ಗಂಟೆ ಒತ್ತಿ ಅಂತಾದ್ರೂ ಅನ್ನಿ, ಕಾವಲುಗಾರನನ್ನ ಬೈಯಿರಿ, ಬಾಗಿಲು ಬಡೀರಿ... ನನ್ನ ಕೈ ನೋಡಬೇಡಿ ಹಾಗೆ. ಕೈಲಿ ಏನೂ ಇಲ್ಲ. ನಾನು ಹೇಳ್ತಿದ್ದೀನಲ್ಲ, ಏನೂ ಇಲ್ಲ ಅಂತ.

...

ಇದೆ.

ಬೀಗದ ಕೈ. ಇನ್‌ಸ್ಪೆಕ್ಟರ್‌ಗಳಿಗೆ ಕೊಡ್ತಾರೆ. ಈ ಗುಂಡಿಗಳ ಕೆಳಗೆ, ನಾನು ಬೆನ್ನು ಕೊಟ್ಟು ಮುಚ್ಚಿಟ್ಟಿದ್ದೆನಲ್ಲ, ಇಲ್ಲೊಂದು ಸಣ್ಣ ತೂತಿದೆ. ಇದನ್ನ ಹಾಕಿ ತಿರುಗಿಸಿದ್ರೆ ಲಿಫ್ಟ್ ಇದ್ದಲ್ಲೇ ನಿಲ್ಲುತ್ತೆ, ಗಂಟೆಯೂ ಹೊಡೆಯಲ್ಲ. ರಿಟೈರ್ ಆದಾಗ ವಾಪಸ್ ಕೊಡಬೇಕಿತ್ತು. ನೆನಪಿಗಿರಲಿ ಅಂತ ಇಟ್ಕೊಂಡಿದ್ದೆ.

ಪ್ರತಿ ವರ್ಷ ಸ್ಕ್ಯಾನಿನ ಫಲಿತಾಂಶ ಫೋನಿನಲ್ಲೇ ಹೇಳೋರು. ಡಾಕ್ಟ್ರ ಕೋಣೆಯ ಹುಡುಗಿ, "ಸಾರ್, ಎಲ್ಲ ಚೆನ್ನಾಗಿದೆ, ಮುಂದಿನ ವರ್ಷ ಬನ್ನಿ" ಅಂತ ಹಾಡೋ ಹಾಗೆ ಹೇಳೋಳು. ಈ ಸಲ ಹಾಡಲಿಲ್ಲ. "ಸಾರ್, ಖುದ್ದಾಗಿ ಬನ್ನಿ. ಒಬ್ಬರೇ ಬರಬೇಡಿ, ಮನೆಯವರನ್ನೂ ಕರ್ಕೊಂಡು ಬನ್ನಿ" ಅಂದಳು. ಮನೇಲಿ ಹೇಳಲಿಲ್ಲ. ಹಳೇ ಆಫೀಸಿನವರನ್ನ ಮಾತಾಡಿಸ್ಕೊಂಡು ಬರ್ತೀನಿ ಅಂತ ಹೊರಟೆ. ಅವಳು ಬಾಗಿಲವರೆಗೂ ಬಂದು, ಜೇಬಿಗೆ ಬಿಸ್ಕತ್ತು ತುಂಬಿ ಕಳಿಸಿದಳು. ಈಗ ತಾನೇ ಐದು ವರ್ಷ ತುಂಬಿದ ಸಂಭ್ರಮ ಅವಳಿಗೆ. ನನ್ನ ಹೊಸ ಅಂಗಿ ನೋಡಿ, ಅವಳೇ ತಂದದ್ದು.

ಲಿಫ್ಟ್ ನಾಲ್ಕು ದಾಟಿತು. ಕೈ ತಾನಾಗೇ ಹೋಯ್ತಮ್ಮ. ಇಲ್ಲಿ, ಈ ಎರಡು ಮಹಡಿಗಳ ಮಧ್ಯೆ, ನನ್ನ ಲೆಕ್ಕ ಇನ್ನೂ ಚೆನ್ನಾಗೇ ಇದೆ. ಇಲ್ಲಿ ನಾನು ದಾಟಿದವರ ಪೈಕಿ. ಆ ಬಾಗಿಲು ತೆರೆದ್ರೆ... ಐದರಲ್ಲಿ ನಾಲ್ಕು ಅಂತ ನಿಮಗೆ ಹೇಳಿದೆನಲ್ಲ, ಅದು ಸುಳ್ಳಲ್ಲ. ನಿಮಗೆ ಹೇಳಿದ ಆ ಲೆಕ್ಕದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದ್ರೆ ಐದು ಮುಟ್ಟಿದ ಮೇಲೂ ಕಾಯಿಲೆ ಮರಳೋ ಆ ಒಬ್ಬನೂ ಯಾರೋ ಒಬ್ಬ ಆಗಿರಲೇಬೇಕಲ್ಲ. ಅವನೂ ಐದು ಮಹಡಿ ನಗ್ತಾ ನಗ್ತಾ ಬಂದಿರ್ತಾನೆ.

ಬೈಯಿರಿ. ಎಚ್ಚರಾದ ಗಂಡ ಮೇಲೆ ಕಾಯ್ತಿದ್ದಾನೆ, ಇಲ್ಲಿ ಒಬ್ಬ ಮುದುಕ ನಿಮ್ಮನ್ನ ಕೂಡಿಹಾಕ್ಕೊಂಡು ತಲೆ ತಿಂತಿದ್ದಾನೆ. ಬಾಯಿತುಂಬ ಬೈಯಿರಿ, ನನಗೂ ಸಮಾಧಾನ...

ಕೈ ಯಾಕೆ ಚಾಚಿದ್ರಿ?

ತಗೊಳ್ಳಿ. ಬೆವರು ಅಂಟಿದೆ, ಜಾರೀತು. ಪೂರ್ತಿ ಒಳಗೆ ಹಾಕಿ, ಬಲಕ್ಕೆ ತಿರುಗಿಸಿ. ಇನ್ನೂ ಸ್ವಲ್ಪ... ಹಾಂ. ಸದ್ದು ಕೇಳಿಸ್ತಾ, ಮೇಲೆ ಮೋಟಾರು ಎದ್ದಿತು. ಇನ್ನು ಅರ್ಧ ಮಹಡಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ಕೆಳಗೆ ಕಾವಲುಗಾರನಿಗೆ ಕೊಟ್ಟುಬಿಡಿ.

ಬಾಗಿಲು ತೆರೀತು. ಹೋಗ್ತೀನಿ... ಇಲ್ಲ, ನೀವು ಇಳಿಯೋದು ಬೇಡ. ನನಗೆ ಮನೆಯವರು ಇದ್ದಾರೆ. ಫೋನು ಸಿಗುತ್ತೆ ಇಲ್ಲಿ, ಅವಳನ್ನೇ ಕರೀತೀನಿ. ಅವಳು ಬರೋವರೆಗೂ ಆ ಬೆಂಚಿನ ಮೇಲೆ ಕೂತಿರ್ತೀನಿ. ನೀವು ಮೇಲೆ ಹೋಗಿ, ಕಾಯ್ತಿದ್ದಾರೆ. ಆ ಲೆಕ್ಕ ಅವರಿಗೆ ಹೇಳಿ. ಹೇಳಿದವನು ಎಲ್ಲಿಳಿದ ಅಂತ ಮಾತ್ರ ಹೇಳಬೇಡಿ.

ಏನಾಗಿರಬಹುದು ಊಹಿಸಿ ಅಂದಿದ್ದೆನಲ್ಲ. ಯಾರಾದ್ರೂ ಕೇಳಿದ್ರೆ ಹೇಳಿ, ಲಿಫ್ಟಿಗೇನೂ ಆಗಿರಲಿಲ್ಲ, ಇನ್‌ಸ್ಪೆಕ್ಟರಿಗೇ ಆಗಿದ್ದು. ತಾರೀಕೂ ಬೇಕು ಅಂದ್ರೆ ಬರೆದುಕೊಳ್ಳಲಿ: ಮಾರ್ಚ್ ಹನ್ನೊಂದು, ಬುಧವಾರ.