ಹಿಂದ ಉಳದಾಕಿ

ದೀಪದ ಬತ್ತಿ ಒಂದೀಟು ಸಣ್ಣ ಮಾಡ್ರಿ. ಹಾಂ... ಸಾಕು. ಹುಡುಗೂರಿಗೆ ನಿದ್ದಿ ಹತ್ತಿಲ್ಲಂದ್ರ ಇರಲಿ, ಕೇಳಲಿ. ಇದು ಹೆದರಸಾಕ ಹೇಳೂ ಮಾತಲ್ಲ.

ನನ್ನ ದೊಡ್ಡವ್ವನ ಮಗಳು ಶಾಂತಕ್ಕ ಗೊತ್ತಲ್ಲ, ದೇಸೂರಕ್ಕ ಕೊಟ್ಟಾರ ನೋಡ್ರಿ, ಆಕಿ. ಆಕಿ ಕಣ್ಣಾರೆ ಕಂಡದ್ದು ಇದು. ಆಗ ಆಕಿಗೆ ಒಂಬತ್ತು ವರ್ಷ. ಇಸವಿ ಹತ್ತೊಂಬತ್ನೂರಾ ಇಪ್ಪತ್ತಾರು. ದೊಡ್ಡ ಜ್ವರ ಬಂದು ಊರಿಗೆ ಊರ ಖಾಲಿ ಮಾಡಿತ್ತಲ್ಲ, ಮಾನಮೋಡಿ ಅಂತಿದ್ರು, ಅದಾಗಿ ಎಂಟು ವರ್ಷ.

ಶಾಂತಕ್ಕನ ಅಪ್ಪ ಪದ್ಮಾಕರ ಮಾಸ್ತರು. ಬೆಳಗಾವ್ಯಾಗ ಸಾಲಿ ಮಾಸ್ತರಕಿ. ಮನುಷ್ಯಾಗ ನಡ್ಯೂ ಹುಚ್ಚು. ರಜಾ ಬಂತಂದ್ರ ಹೆಂಡತಿ ಮಗಳನ್ನ ಕಟಗೊಂಡು ಗುಡ್ಡಾ ಹತ್ತವರು. ಗುಡಿ ಇಲ್ಲದ ಗುಡ್ಡಕ್ಕ ಯಾಕ ಹೋಗತೀರಿ ಅಂತ ಓಣಿ ಮಂದಿ ನಗತಿದ್ರು. ಹೊಳಿ ಎಲ್ಲಿ ಹುಟ್ಟತೈತಿ ನೋಡಬ್ಯಾಡೇನು, ಅಂತಿದ್ರು ಮಾಸ್ತರು.

ಆ ಮನ್ಯಾಗ ಇನ್ನೊಬ್ರಿದ್ರು. ಮಾಸ್ತರ ಅಕ್ಕ, ಅಕ್ಕಾತಾಯಿ. ಹನ್ನೊಂದು ವರ್ಷದಾಕಿ ಇದ್ದಾಗ ಗಂಡ ತೀರಕೊಂಡ. ಅವನ ಮುಖಾ ಸುದ್ದಾ ನೆನಪಿರಲಿಲ್ಲಂತ. ಅವತ್ತಿಂದ ತವರಮನಿ, ಆಮ್ಯಾಲ ತಮ್ಮನ ಮನಿ. ಯಾರೂ ಆಕಿಗೆ ಕೆಟ್ಟ ಮಾತು ಆಡಿದವರಲ್ಲ... ಖರೇ ಹೇಳಬೇಕಂದ್ರ, ಮಾತ ಆಡಿದವರಲ್ಲ. ಆಕಿ ನೀರು ಸೋಸಾಕಿ, ಕಾಳು ಹಸನ ಮಾಡಾಕಿ, ಬಸದಿಗೆ ಹೋಗಿ ಬರಾಕಿ. ಒಮ್ಮೆ ಆಕಿ ಒಳಗ ಇದ್ದಾಗನ ಹೊರಗಿಂದ ಕೀಲಿ ಹಾಕ್ಕೊಂಡು ಎಲ್ಲಾರೂ ಮದಿವಿಗೆ ಹೋಗಿಬಿಟ್ಟಿದ್ರು. ಮರತಿದ್ರು. ಸಂಜಿಕ ಬಂದು ಬಾಗಲಾ ತಗದ್ರ, ದೀಪಾ ಹಚ್ಚಿ ಕುಂತಿದ್ಲು.

ಆ ವರ್ಷ ದೀಪಾವಳಿ ಸೂಟಿಯೊಳಗ ಕಣಕುಂಬಿ ಕಡೆ ಕಾಡಿಗೆ ಹೋಗೂದು ಅಂತ ಆತು. ಅತ್ತಿ ಬರಲಿಲ್ಲಂದ್ರ ನಾನೂ ಬರಂಗಿಲ್ಲ ಅಂತ ಶಾಂತಕ್ಕ ಹಟಾ ಹಿಡದ್ಲು. ಹಿಂಗಾಗಿ ನಲವತ್ತೈದನೇ ವರ್ಷಕ್ಕ ಅಕ್ಕಾತಾಯಿ ಮೊದಲನೇ ಸಲ ರೇಲ್ವೆ ಹತ್ತಿದ್ಲು. ಖಾನಾಪುರದಾಗ ಇಳದು ಚಕಡಿ ಹಿಡದ್ರು. ಕಾಡು ಮುಟ್ಟೂದ್ರಾಗ ಮರುದಿನ ಸಂಜಿ. ಅಲ್ಲಿ ಬೀರಣ್ಣ ಅಂತ ಎಮ್ಮಿ ಕಾಯಾಂವ, ಮಾಸ್ತರ ಗುರುತಿನವ. ಅವನ ಗುಡಸಲದಾಗ ವಸ್ತಿ ಮಾಡಿದ್ರು. ಅವನ ಹೆಂಡತಿ ಸಾತವ್ವ ಇವರಿಗಂತ ಹೊಸಾ ಗಡಿಗ್ಯಾಗ ನೀರು ಕಾಸಿ ಇಟ್ಟಿದ್ಲು.

ಮುಂಜಾನೆ ಐದು ಮಂದಿ ಹೊಂಟ್ರು. ಮುಂದ ಬೀರಣ್ಣ. ಅವನ ಹಿಂದ ಮಾಸ್ತರು, ಮಾಸ್ತರ ಹೆಂಡತಿ ಜಿನಮತಿ, ಶಾಂತಕ್ಕ. ಎಲ್ಲಾರ ಹಿಂದ ಅಕ್ಕಾತಾಯಿ. ಮಳಿ ನಿಂತು ಹದಿನೈದು ದಿನಾ ಆಗಿರಬೇಕು. ದಾರಿ ಒಣಗಿತ್ತು, ಹಳ್ಳ ತುಂಬಿ ಹರೀತಿತ್ತು. ಎಲಿ ಮ್ಯಾಲಿಂದ ಮಂಜಿನ ಹನಿ ತಟ್... ತಟ್... ಅಂತ ಬೀಳತಿತ್ತು. ಎಲ್ಲೋ ಒಂದು ಹಕ್ಕಿ, ಮನುಷ್ಯಾರು ಸಿಳ್ಳಿ ಹೊಡದಂಗ ಕೂಗತಿತ್ತು, ಮಧ್ಯ ಮಧ್ಯ ರಾಗ ಮರತಂಗ ನಿಂದರತಿತ್ತು. ಹಳ್ಳದಾಗ ಕಲ್ಲಿಂದ ಕಲ್ಲಿಗೆ ದಾಟಬೇಕು. ಅಕ್ಕಾತಾಯಿ ಒಂದು ಕಲ್ಲಿನ ಮ್ಯಾಲ ನಿಂತು ಕಾಲು ನೀರಾಗ ಬಿಟ್ಟು ನಕ್ಕಳಂತ. ಅತ್ತಿ ನಗೂದನ್ನ ನಾ ಅವತ್ತ ನೋಡಿದ್ದು, ಅಂತಾಳ ಶಾಂತಕ್ಕ.

ಮಧ್ಯಾಹ್ನದ ಹೊತ್ತಿಗೆ ಧಬಧಬಿ ಕಂಡಿತು. ದೊಡ್ಡದೇನಲ್ಲ, ಐದಾರು ಆಳೆತ್ತರದಿಂದ ನೀರು ಬೀಳತೈತಿ. ಕೆಳಗ ಕರೀ ಮಡುವು. ಸುತ್ತ ಮುತ್ತ ಒಂದು ನರಪಿಳ್ಳಿ ಇಲ್ಲ. ಅಲ್ಲಿ ಇಳಿಯೂ ಮೊದಲ ಬೀರಣ್ಣ ನಿಂತು, ದನಿ ಸಣ್ಣ ಮಾಡಿ ಒಂದು ಮಾತು ಹೇಳಿದ.

"ತಿರುಗಿ ಹೊಂಡುವಾಗ ಬರ್ತೀವಿ ಅನಬ್ಯಾಡ್ರಿ. ಹೋಗ್ತೀವಿ ಅಂತ ಅನ್ರಿ."

ಹೋಗ್ತೀನಿ ಅನ್ನೂದು ಅಪಶಕುನ ಅಂತ ಸಣ್ಣವರಿದ್ದಾಗಿಂದ ನಮಗ ಕಲಸ್ಯಾರ. ಹಂಗಾಗಿ ಜಿನಮತಿ, ಇದೆಂಥಾ ಪದ್ಧತಿ ಅಂತ ಕೇಳಿದ್ಲು. ಬೀರಣ್ಣ ಎಮ್ಮಿ ಕಡೆ ನೋಡಬೇಕು ಅಂತ ಆ ಕಡೆ ಹೋದ.

ಮಾಸ್ತರು ಮಗಳಿಗೆ ಈಜು ಕಲಸಾಕ ನಿಂತ್ರು. ಜಿನಮತಿ ಬುತ್ತಿ ಬಿಚ್ಚಿದ್ಲು. ಅಕ್ಕಾತಾಯಿ ಕುಡಿಯೂ ನೀರಿನ ತಂಬಗಿ ಬಾಜೂಕ ಇಟಗೊಂಡು ದೂರ ಒಂದು ಬಂಡಿಗಲ್ಲಿನ ಮ್ಯಾಲ ಕುಂತಿದ್ಲು. ಶಾಂತಕ್ಕ ನೀರಾಗಿಂದ ನೋಡತಾಳ... ಅತ್ತಿ ತುಟಿ ಅಲಗತಾವ. ಬಾಜೂಕ ಮಾರಿ ತಿರುವಿ ಮಾತಾಡಾಕ ಹತ್ಯಾಳ. ತಾ ಮಾತಾಡೂದು, ಆಮ್ಯಾಲ ಸುಮ್ಮಗಾಗಿ ಕೇಳೂದು, ತಲಿ ಹಾಕೂದು.

ಶಾಂತಕ್ಕ ಒದ್ದಿ ಮೈಲೆ ಓಡಿ ಹೋಗಿ, ಯಾರ ಜೋಡಿ ಮಾತಾಡತಿ ಅತ್ತಿ, ಅಂತ ಕೇಳಿದ್ಲು.

"ಈಕಿ ಕಾಡವ್ವ ಅಂತ," ಅಂದ್ಲು ಅಕ್ಕಾತಾಯಿ.

ಅಲ್ಲಿ ಯಾರೂ ಇರಲಿಲ್ಲ. ಆದ್ರ ಕಲ್ಲಿನ ಮ್ಯಾಲ ಬೆಳ್ಳಿ ಕಾಲುಂಗರ ತಾಕಿದಂಗ ಒಂದು ಸಪ್ಪಳ ಬಂತು. ಕಿಣ್... ಅಷ್ಟ. ಅತ್ತಿ ಕಾಲಾಗ ಉಂಗರ ಎಲ್ಲಿಂದ ಬರಬೇಕು? ಶಾಂತಕ್ಕ ಹುಡುಗಿ, ಅವ್ವ ಊಟಕ್ಕ ಕರದ್ಲು, ಓಡಿ ಬಂದಳು, ಮರತ್ಲು.

ಮಾಸ್ತರ ಮನಿಯವರು ಹೊತ್ತು ಮುಳಗಿದ ಮ್ಯಾಲ ಉಣ್ಣವರಲ್ಲ, ಜೈನರ ನೇಮ. ಗುಡಸಲಾ ಮುಟ್ಟೂದ್ರಾಗ ಕತ್ತಲಾಗತೈತಿ, ಸಂಜಿ ಊಟಾನೂ ಇಲ್ಲೇ ಮುಗಸೂಣು ಅಂತ ಮಾಸ್ತರು ಅಂದ್ರು. ಅದಕ್ಕ ತಡಾ ಆತು. ಹೊಂಡುವಾಗ ಬೀರಣ್ಣ ಮಡುವಿನ ಕಡೆ ತಿರುಗಿ ಹೋಗ್ತೀವಿ ಅಂದ. ಮಾಸ್ತರು ಅಂದ್ರು. ಜಿನಮತಿ ಅಂದ್ಲು. ಅಕ್ಕಾತಾಯಿ ಏನಂದ್ಲೋ, ನೀರಿನ ಸಪ್ಪಳದಾಗ ಯಾರಿಗೂ ಕೇಳಲಿಲ್ಲ.

ಕಾಡಿನ್ಯಾಗ ಬೆಳಕು ಲಗೂನ ಆರತೈತಿ. ಜೀರುಂಡಿ ಜೀರ್ರ್... ಅಂತ ಹತ್ತಿದ್ವು. ಅರ್ಧಾ ದಾರಿಗೆ ಒಂದು ಹಳೇ ಆಲದ ಗಿಡ. ಅದರ ಬುಡಕ್ಕ ಬಂದಾಗ ಜೀರುಂಡಿ ಎಲ್ಲಾ ಒಮ್ಮೆಲೆ ಸುಮ್ಮಗಾದ್ವು. ಬೀರಣ್ಣ ಕೈ ಮ್ಯಾಲೆತ್ತಿ ನಿಂತ. ಎಲ್ಲಾರೂ ನಿಂತ್ರು.

ಹಿಂದ... ಒಣಗಿದ ಎಲಿ ಮ್ಯಾಲ ಚರ್... ಚರ್... ಎರಡು ಹೆಜ್ಜಿ. ಆಮ್ಯಾಲ ಕಲ್ಲಿನ ಮ್ಯಾಲ, ಕಿಣ್.

ಅದೂ ನಿಂತಿತು.

"ಐದು ಮಂದಿ ಅದೀವಿ," ಅಂತ ಪಿಸುಗುಟ್ಟಿದ ಬೀರಣ್ಣ. "ಆರು ಮಂದಿ ಹೆಜ್ಜಿ ಕೇಳತಾವ್ರಿ, ಮಾಸ್ತರ. ಅಲ್ಲಿ ಯಾರು ಏನಂದ್ರಿ?"

ಅಕ್ಕಾತಾಯಿ ತಲಿ ತಗ್ಗಿಸಿ ನಿಂತಿದ್ಲು. ನಾ ಅಂದೆ, ಅಂದ್ಲು. ಕಲ್ಲಿನ ಮ್ಯಾಲ ಕುಂತಾಗ ಒಬ್ಬಾಕಿ ಬಂದು ಬಾಜೂಕ ಕುಂತಳಂತ. ನೀನೂ ಹಿಂದ ಉಳದಿ ಏನ, ಅಂತ ಕೇಳಿದಳಂತ. ಆಕಿ ಮಂದಿ ಸಂಜಿಕ ಬರ್ತೀವಿ ಅಂತ ಹೇಳಿ ಹೋದವರು ಇನ್ನೂ ಬಂದಿಲ್ಲಂತ. ಒಬ್ಬಾಕಿನ್ನ ಬಿಟ್ಟು ಬರಾಕ ಮನಸಾಗಲಿಲ್ಲ, ನಮ್ಮ ಜೋಡಿ ಬಾ ಅಂದೆ, ಅಂದ್ಲು. ಹೆಸರು ಕಾಡವ್ವ, ಅಂದ್ಲು.

ಹೆಸರು ಕೇಳಿ ಬೀರಣ್ಣ ಕೆಳಗ ಕುಕ್ಕರಬಡದ. ಆಮ್ಯಾಲ ಆ ಕತ್ತಲದಾಗ, ಪಿಸುಮಾತಿನ್ಯಾಗ ಅವ ಹೇಳಿದ್ದಿಷ್ಟು. ಧಬಧಬಿ ಮ್ಯಾಲ ಏಳು ಗುಡಸಲಾ ಇದ್ದವು. ಜ್ವರದ ವರ್ಷ ಎಲ್ಲಾರೂ ಗಂಟು ಕಟಗೊಂಡು ಜಾಂಬೋಟಿ ಕಡೆ ಹೊಂಟ್ರು. ಕಾಡವ್ವಗ ಏಳಾಕ ಆಗತಿರಲಿಲ್ಲ. ನೀರರೆ ಕೈಗೆ ಸಿಗಲಿ ಅಂತ ಆಕಿನ್ನ ಮಡುವಿನ ದಂಡಿಗೆ ಮಲಗಿಸಿ, ಸಂಜಿಕ ಬಂಡಿ ತಗೊಂಡು ಬರ್ತೀವಿ ಅಂದು ಹೋದ್ರು. ಖರೇನ ಬರವರಿದ್ರು. ಆದ್ರ ದಾರ್ಯಾಗ ಒಬ್ಬೊಬ್ರ ಬಿದ್ರು. ಮೂರು ದಿನದಾಗ ತಿರುಗಿ ಬರಾಕ ಯಾರೂ ಉಳೀಲಿಲ್ಲ.

"ಇದು ಆಕಿಗೆ ಗೊತ್ತಿಲ್ಲವ್ವಾ," ಅಂದ ಬೀರಣ್ಣ. "ಈಗ ಬಾಯಿಬಿಟ್ಟು ಹೇಳ್ರಿ. ನೀ ಇಲ್ಲೇ ಇರು, ನಾವು ಹೋಗ್ತೀವಿ ಅನ್ರಿ. ಇಲ್ಲಂದ್ರ ಬಿಡಂಗಿಲ್ಲ."

ಅಕ್ಕಾತಾಯಿ ಒಲ್ಲೆ ಅಂತ ತಲಿ ಅಲ್ಲಾಡಿಸಿದ್ಲು.

ಆಗ ಶಾಂತಕ್ಕನ ಬಲಗೈ ಅತ್ತಿ ಕೈಯಾಗಿತ್ತು. ಎಡಗೈ ಖಾಲಿ ಇತ್ತು. ಆ ಎಡಗೈಗೆ... ಒಂದು ಕೈ ಬಂತು. ತಣ್ಣಗ, ಒದ್ದಿ ಕೈ. ಜಗ್ಗಲಿಲ್ಲ, ಹಿಚುಕಲಿಲ್ಲ. ಹುಡುಗೂರು ದೊಡ್ಡವರ ಕೈ ಹಿಡಿತಾರಲ್ಲ, ಹಂಗ ಹಿಡಕೊಂಡಿತ್ತು. ಮಾಸ್ತರು, ನಡೀರಿ ಅಂದ್ರು. ಶಾಂತಕ್ಕನ ಕಾಲು ಏಳಲಿಲ್ಲ. ಮೈ ಸುಡಾಕ ಹತ್ತಿತು. ಅವ್ವಾ ಅನಬೇಕಂತಾಳ, ಬಾಯಿಂದ ಬಂದದ್ದು, ನಾ ಇಲ್ಲೇ ಇರ್ತೀನಿ, ಅಂತ.

ಜಿನಮತಿ ಮಗಳನ್ನ ತಬ್ಬಕೊಂಡು ಅಳಾಕ ಸುರು ಮಾಡಿದ್ಲು. ಮಾಸ್ತರು ಎತ್ತಾಕ ನೋಡಿದ್ರು. ಹತ್ತಿಯಂಗ ಹಗುರಿದ್ದ ಹುಡುಗಿ ಬಂಡಿಗಲ್ಲಿನಂಗ ಆಗಿದ್ಲಂತ.

ಅಕ್ಕಾತಾಯಿ ಶಾಂತಕ್ಕನ ಎಡಕ್ಕ ಬಂದು ನಿಂತಳು. ಏನೂ ಇಲ್ಲದ ಜಾಗಾ ನೋಡಿ, ಮನಿ ಮಂದಿ ಜೋಡಿ ಮಾತಾಡಿದಂಗ ಅಂದ್ಲು:

"ಕೂಸಿನ್ನ ಬಿಡು, ತಂಗಿ. ನಾ ಕುಂದರತೀನಿ ನಿನ್ನ ಜೋಡಿ."

ಕೈ ಬಿಟ್ಟಿತು.

ಆಕಿ ಆಲದ ಬೇರಿನ ಮ್ಯಾಲ ಕುಂತಳು, ಬಾಜೂಕ ಒಂದೀಟು ಜಾಗಾ ಬಿಟ್ಟು. ಮಾಸ್ತರು, ಏಳಕ್ಕಾ ಅಂತ ಭುಜಾ ಹಿಡದ್ರು. ಆಕಿ ತಮ್ಮನ ಕೈ ಮೆಲ್ಲಕ ತಗದ್ಲು.

"ಪದ್ಮಾ, ಕೂಸಿಗೆ ಜ್ವರಾ ಏರೈತಿ. ಮನಿ ಮುಟ್ಟಸು. ನಾ ಎಲ್ಲಿ ಹೋಗಾಕಿ?"

ಏನು ಮಾಡತೀರಿ? ಬೀರಣ್ಣ ಹುಡುಗಿನ್ನ ಹೆಗಲ ಮ್ಯಾಲ ಹಾಕ್ಕೊಂಡು ನಡದ. ಶಾಂತಕ್ಕ ಅವನ ಬೆನ್ನ ಮ್ಯಾಲಿಂದ ಹಿಂದ ನೋಡತಿದ್ಲು. ಅತ್ತಿ ಬಿಳೀ ಸೀರಿ ಸಣ್ಣಾಗತಾ ಸಣ್ಣಾಗತಾ ಹೋತು. ಕಣ್ಣಿಗೆ ಕಾಣದಂಗಾದ ಮ್ಯಾಲೂ ಮಾತು ಕೇಳತಿತ್ತು. ಗುಜುಗುಜು... ಗುಜುಗುಜು... ಎರಡು ಹೆಂಗಸರ ದನಿ.

ಮಗಳನ್ನ ಸಾತವ್ವನ ಕೈಯಾಗ ಕೊಟ್ಟು, ಮಾಸ್ತರು ದೊಂದಿ ಹಿಡಕೊಂಡು ಬೀರಣ್ಣನ ಜೋಡಿ ಹಂಗ ತಿರುಗಿ ಓಡಿದ್ರು. ಆಲದ ಬುಡಕ ಯಾರೂ ಇರಲಿಲ್ಲ. ರಾತ್ರಿ ಎಲ್ಲಾ ಹುಡಕಿದ್ರು. ಅಕ್ಕಾ... ಅಂತ ಮಾಸ್ತರು ಒದರೂದು ಗುಡಸಲದ ತನಕಾ ಕೇಳತಿತ್ತು. ಗುಡ್ಡಕ್ಕ ಬಡದು ಅದ ದನಿ ತಿರುಗಿ ಬರತಿತ್ತು, ಅಕ್ಕಾ... ಅಂತ. ಮೂವತ್ನಾಕು ವರ್ಷ ಒಂದ ಮನ್ಯಾಗ ಇದ್ರೂ ಆಕಿನ್ನ ಅಷ್ಟು ಸರ್ತಿ ಕರದಿರಲಿಲ್ಲ ನೋಡ್ರಿ ಅವರು.

ಬೆಳಕು ಹರಿಯೂ ಹೊತ್ತಿಗೆ ಸಿಕ್ಕಳು. ಧಬಧಬಿ ಮುಂದ, ಆ ಬಂಡಿಗಲ್ಲಿನ ಮ್ಯಾಲ, ಕಾಲು ಚಾಚಿ ಕುಂತಿದ್ಲು. ಮೈಗೆ ಒಂದು ಗೀರಿಲ್ಲ. ಸೆರಗು ತಲಿ ತುಂಬ ಹೊತ್ತಿದ್ಲು. ಮಾಸ್ತರು ಕಾಲ ಹತ್ರ ಕುಸದು ಕುಂತ್ರು.

"ಹೋದ್ಲು," ಅಂದ್ಲು ಅಕ್ಕಾತಾಯಿ.

ಏನಾತಕ್ಕಾ ಅಂತ ಮಾಸ್ತರು ಕೇಳಿದ್ರು. ರಾತ್ರಿಯೆಲ್ಲಾ ಮಾತಾಡಿದ್ವಿ, ಅಂದಳಂತ. ಏನು ಮಾತು ಅಂದ್ರ, ಮನಿ ಮಾತು, ಅಂದ್ಲು. ಆಮ್ಯಾಲ ಅಂದ್ಲು, ನಾ ಆಕಿಗೆ ಹೇಳಿದೆ, ನಿನ್ನ ಯಾರೂ ಮರತಿಲ್ಲವ್ವಾ, ಅವರಿಗೆ ಬರಾಕ ಆಗಲಿಲ್ಲ, ಅಂತ. ಬಾಳ ಹೊತ್ತು ಅತ್ತಳು. ಕಡೀಕ ನನ್ನ ಬೆನ್ನ ಹಿಂದ ಬಂದು ಕುಂತಳು. ನನಗ ಒಂದೀಟು ಕಣ್ಣು ಹತ್ತಿತು. ತಗದು ನೋಡತೀನಿ, ಬೆಳಗಾಗೇತಿ.

ಇಷ್ಟ ಆಕಿ ಹೇಳಿದ್ದು.

ಶಾಂತಕ್ಕನ ಜ್ವರಾ ಅವತ್ತ ಮಧ್ಯಾಹ್ನ ಇಳೀತು. ಎರಡು ದಿನಾ ಬಿಟ್ಟು ಬೆಳಗಾವಿಗೆ ಬಂದ್ರು. ಅಲ್ಲಿಂದ ಮುಂದ ಆ ಮನಿ ಬ್ಯಾರೇನ ಆತು. ಮಾಸ್ತರು ಸಾಲಿಯಿಂದ ಬಂದವರು ಮೊದಲ ಅಕ್ಕನ ಹತ್ರ ಕುಂತು ಮಾತಾಡವರು. ಆಕಿ ಇನ್ನೂ ಹನ್ನೊಂದು ವರ್ಷ ಇದ್ಲು. ಪ್ರತಿ ರಜಾಕ್ಕೂ ಗುಡ್ಡಕ್ಕ ಹೋದ್ಲು.

ಇನ್ನ ನಾ ಹೇಳಬೇಕಂತ ಕುಂತದ್ದು ಇದು. ಮನಿಗೆ ಬಂದ ದಿನಾ, ತಲಿ ಎರಕೊಬೇಕಂತ ಅಕ್ಕಾತಾಯಿ ಸೆರಗು ಇಳಿಸಿದ್ಲು. ಜಿನಮತಿ ಕೈಯಾಗಿನ ಚರಗಿ ಬಿಟ್ಟಳು. ಗಂಡ ಸತ್ತಾಗಿಂದ ಬರೇ ಒಂದು ತುರುಬು ಗಂಟು ಹಾಕ್ಕೊಳ್ಳಾಕಿ, ಆಕಿ ತಲಿಗೆ ಮಂದಿ ಕೈ ಮುಟ್ಟಿದ್ದಿಲ್ಲ. ಬೆನ್ನ ಮ್ಯಾಲ ಒಂದು ಜಡಿ ಇತ್ತು. ಎಣ್ಣಿ ಹಚ್ಚಿ, ಬೈತಲಾ ತಗದು, ಬಿಗಿಯಾಗಿ ಹೆಣದ ಜಡಿ.

ಬಿಚ್ಚಿದಾಕಿ ಶಾಂತಕ್ಕ. ಅತ್ತಿ ತಲಿ ಅಷ್ಟೂ ಬೆಳ್ಳಗಿತ್ತು. ಹೆಣಿಕಿ ಬಿಚ್ಚಗೋತ ಬಂದಂಗ ಒಳಗಿಂದ ಒಂದು ಎಳಿ ಕೂದಲಾ ಸಡಲಾಗಿ ಕೈಯಾಗ ಬಂತು. ಕರ್ರಗ, ಇನ್ನೂ ಹಸಿ ಇತ್ತು. ನೆಟ್ಟಗ ಹಿಡದ್ರ ಶಾಂತಕ್ಕನ ಎದಿಯಿಂದ ನೆಲಾ ಮುಟ್ಟತಿತ್ತು.

ಖರೇನ ಆದದ್ದು. ದೇಸೂರ ದೂರಿಲ್ಲ, ಆಕಿನ್ನ ಹೋಗಿ ಕೇಳ್ರಿ. ಎಷ್ಟು ಉದ್ದ ಇತ್ತು ಅಂತ ಎದ್ದು ನಿಂತು ತೋರಸತಾಳ.