ಹಾಲ್ವರ್ಸನ್ನನ ಟವೆಲು

ಅಯೋವಾದ ಆ ಪುಟ್ಟ ಊರಿನ ಡೋನಟ್ ಅಂಗಡಿಯಲ್ಲಿ ಬೆಳಗಿನ ಸಾಲು ಉದ್ದಕ್ಕಿತ್ತು. ವರ್ನಾಳ ಹಿಂದೆ ಊರಿನ ಬೇಸ್‌ಬಾಲ್ ತಂಡದ ಇಬ್ಬರು ಆಟಗಾರರು ನಿಂತಿದ್ದರು.

"ಹೊಸ ಮ್ಯಾನೇಜರು ನಿನ್ನೆ ಉಗಿದ್ರಂತೆ, ಟ್ರೆಂಟ್."

"ಯಾರು ಬ್ಯಾಟ್ ಮಾಡಿದ್ರೆ ಎಲ್ಲಿ ನಿಲ್ಲಬೇಕು ಅಂತ ಚೀಟಿ ಕೊಡ್ತಾರಲ್ಲ, ಅದರಲ್ಲಿ ಬರೆದ ಕಡೆ ನಿಲ್ಲಲಿಲ್ಲ ಅಂತ. ಇನ್ನೊಂದ್ಸಲ ಹಾಗಾದ್ರೆ ತಂಡದಿಂದ ಹೊರಗೆ ಅಂದ್ರು."

"ಚೀಟಿ ನೋಡ್ಕೊಂಡು ನಿಲ್ಲೋಕೇನು ರೋಗ ನಿಂಗೆ?"

"ಪ್ರತಿ ಎಸೆತಕ್ಕೂ ಮುಂಚೆ ಬೆಂಚಿನ ಕಡೆ ನೋಡೋ ಅಭ್ಯಾಸ, ಆರ್ಲೊ. ಹಾಲ್ವರ್ಸನ್ ಮುದುಕ ಕಲಿಸಿದ್ದು. ಹದಿನಾರು ವರ್ಷ ಔಟ್‌ಫೀಲ್ಡಲ್ಲೇ ಸವೆದವನು. ಆಮೇಲೆ ಕೋಚು, ಮ್ಯಾನೇಜರು. ಬೆಂಚಲ್ಲಿ ಕೂತು ಟವೆಲು ಬೀಸಿ ಎಡಕ್ಕೋ ಬಲಕ್ಕೋ ಹೋಗು ಅಂತ ತೋರಿಸ್ತಿದ್ದ."

"ಮೇ ತಿಂಗಳಲ್ಲಿ ಅವನನ್ನ ಮಣ್ಣು ಮಾಡಿ ಬಂದ್ವಲ್ಲೋ."

"ಟವೆಲು ಈಗಲೂ ಬೀಸುತ್ತೆ."

ವರ್ನಾ ತಿರುಗಿ ನೋಡಲಿಲ್ಲ.

"ಬಿಸಿಲಿಗೆ ತಲೆ ಕೆಟ್ಟಿದೆ ನಿಂಗೆ."

"ಇರಬಹುದು. ಆದ್ರೆ ಅದು ತೋರಿಸಿದ ಕಡೆಗೇ ಚೆಂಡು ಬರುತ್ತೆ. ಈ ತಿಂಗಳು ಒಂದು ಕ್ಯಾಚೂ ಬಿಟ್ಟಿಲ್ಲ ನಾನು."

"ಮತ್ಯಾಕೆ ಮುಖ ಹೀಗಿದೆ?"

"ನಿನ್ನೆ ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ. ಆಟ ಬಿಟ್ಟು ಬಾ, ನನ್ನ ಪಕ್ಕ ಕೂತ್ಕೋ ಅಂತ ಕರೀತು."

"ಹೋದ್ಯಾ?"

"ಬೆಂಚಿಗೆ ಬೆನ್ನು ಹಾಕಿ, ಮೈದಾನದ ಬೇಲಿ ಕಡೆ ಮುಖ ತಿರುಗಿಸಿ ನಿಂತೆ."

ವರ್ನಾ ತನ್ನ ಪೊಟ್ಟಣ ತೆಗೆದುಕೊಂಡು ಬದಿಗೆ ಸರಿದಳು, ಹೋಗಲಿಲ್ಲ.

"ಇವತ್ತು ಕಾಲುನೋವು ಅಂತ ಹೇಳಿ ಆಡಬೇಡ, ಮಾರಾಯ."

"ಆಡದಿದ್ರೆ ನನ್ನ ಜಾಗಕ್ಕೆ ನಿನ್ನನ್ನೇ ಕಳಿಸ್ತಾರೆ."

ಆರ್ಲೊಗೆ ಕೌಂಟರಿನಿಂದ ತೆಗೆದುಕೊಂಡ ಕಾಫಿ ಲೋಟದ ಮುಚ್ಚಳ ಒತ್ತಲು ಬಹಳ ಹೊತ್ತು ಹಿಡಿಯಿತು.

"ಹಾಗಿದ್ರೆ ಆಡು," ಎಂದವನೇ ಬಾಗಿಲು ತಳ್ಳಿ ಹೊರನಡೆದ. ಟ್ರೆಂಟ್ ಅವನ ಹಿಂದೆಯೇ ಹೋದ.