ಹೇಳಿಕೊಡುವವಳು, ಟೈಪ್ ಮಾಡುವವಳು

ಬೆಳಿಗ್ಗೆ ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದೆ. ಕೆಳಗೆ ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳು ತಾಯಿಯ ಮೇಲೆ ರೇಗಿದ್ದು ಕೇಳಿ ನನ್ನ ಕೈ ನಿಂತಿತು.

“ಪ್ರೋಗ್ರಾಮಿಂಗ್ ತಂಡಕ್ಕೆ ಅವಳನ್ನ ತಗೊಂಡ್ರಮ್ಮ, ನನ್ನನ್ನಲ್ಲ!”

“ನಿನ್ನ ಗೆಳತಿ ತಾನೇ? ಖುಷಿಪಡು.”

“ಏನು ಖುಷಿ? ಲ್ಯಾಬಲ್ಲಿ ಇಬ್ಬರಿಗೆ ಒಂದೇ ಕಂಪ್ಯೂಟರ್. ತಲೆ ಕೆಡಿಸ್ಕೊಂಡು ಒಂದೊಂದೇ ಸಾಲು ಹೇಳಿಕೊಡೋದು ನಾನು, ಟೈಪ್ ಮಾಡೋದು ಅವಳು. ಮೇಷ್ಟ್ರಿಗೆ ಕಾಣೋದು ಅವಳ ಕೈ ಮಾತ್ರ. ಮುಂದೆ ಇದೇ ಕೆಲಸಕ್ಕೆ ಹೋಗ್ಬೇಕು ಅಂತಿರೋದು ನಾನು!”

“ಹಾಗಾದ್ರೆ ನೀನೇ ಟೈಪ್ ಮಾಡ್ಬೇಕಿತ್ತು.”

“ನಾನು ಒಂದು ಅಕ್ಷರ ಹುಡುಕೋ ಹೊತ್ತಿಗೆ ಅವಳು ಸಾಲೇ ಮುಗಿಸ್ತಾಳೆ. ಮನೇಲಿ ದಿನಾ ಕೂತು ಕಲೀತಾಳೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ತಂಡದಲ್ಲಿ ಇನ್ನೊಂದೇ ಜಾಗ ಉಳಿದಿರೋದು.”

“ನಮ್ಮನೇಲೂ ಇದೆಯಲ್ಲೇ ಕಂಪ್ಯೂಟರ್.”

“ಇದೆ. ಅಣ್ಣ ಬಿಟ್ರೆ ತಾನೇ?”

“ಪಾಪ, ಕಾಲೇಜಿಂದ ಸುಸ್ತಾಗಿ ಬಂದು ಒಂದಿಷ್ಟು ಆಟ ಆಡ್ತಾನೆ ಕಣೇ.”

ಬಸ್ಸು ಬಂತು. ತಾಯಿ ಮಗಳ ಹೆಗಲಿಗೆ ಚೀಲ ಏರಿಸಿದಳು. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ನಿಂತು, ಬಸ್ಸಿಗೆಲ್ಲ ಕೇಳುವಂತೆ ಕೇಳಿಯೇಬಿಟ್ಟಳು:

“ಅಮ್ಮಾ, ಇವತ್ತು ಸಂಜೆ ಅಣ್ಣನ್ನ ಎಬ್ಬಿಸಿ ನನ್ನನ್ನ ಕೂರಿಸ್ತೀಯಾ?”